ಮತ್ತೆ ಹುಟ್ಟುವವನು ಯಾರು? — ಬೌದ್ಧರ ಪುನರ್ಭವ ವಿಚಾರ

ಬಹಳ ವರ್ಷಗಳ ಹಿಂದಿನ ಮಾತು. ನಮ್ಮ ಬಂಧುಗಳ ಮನೆಯೊಂದರಲ್ಲಿ ಏಳು ವರ್ಷದ ಹೆಣ್ಣುಮಗುವೊಂದು ನಾಲ್ಕಾರು ದಿನಗಳ ಜ್ವರದಲ್ಲಿ ತೀರಿಕೊಂಡಿತು. ಸಾಂತ್ವನ ಹೇಳಲು ಹೋದವರಲ್ಲಿ ನಾನೂ ಒಬ್ಬ. ಮನೆತನದ ಹಿರಿಯರೊಬ್ಬರು, ಶಾಸ್ತ್ರ ಬಲ್ಲವರು, ಕರುಣಾಳುಗಳೂ ಹೌದು, ಮಗುವಿನ ತಾಯಿಯ ಎದುರು ಕುಳಿತು, “ಏನು ಮಾಡೋಣಮ್ಮ, ಪೂರ್ವಜನ್ಮದ ಕರ್ಮ. ಅನುಭವಿಸಿಯೇ ತೀರಬೇಕು” ಎಂದರು. ಅಲ್ಲಿಯವರೆಗೆ ತಗ್ಗಿಸಿದ್ದ ತಲೆಯನ್ನು ಆಕೆ ಆಗ ಎತ್ತಿದಳು. “ದೊಡ್ಡಪ್ಪ, ಕರ್ಮ ಮಾಡಿದವಳನ್ನು ನಾನು ನೋಡಿಲ್ಲ. ಜ್ವರದಲ್ಲಿ ಬೆಂದವಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದ್ದೇನೆ. ಅವಳೂ ಇವಳೂ ಒಬ್ಬಳೇ ಎಂದು ಹೇಗೆ ಹೇಳುತ್ತೀರಿ?” ಎಂದು ಕೇಳಿದಳು. ಹಿರಿಯರು ಏನೂ ಹೇಳಲಿಲ್ಲ. ಅಲ್ಲಿದ್ದ ನಮಗೆ ಯಾರಿಗೂ ಉತ್ತರ ತೋಚಲಿಲ್ಲ.

ಆ ತಾಯಿಗೆ ತಿಳಿದಿರಲಾರದು. ಆದರೆ ಆಕೆ ಕೇಳಿದ್ದು ಭಾರತೀಯ ದರ್ಶನಗಳೆಲ್ಲ ಸಹಸ್ರಾರು ವರ್ಷ ವಾದಿಸಿದ ಪ್ರಶ್ನೆಯನ್ನೇ. ಮಾಡಿದವನು ಯಾರು, ಉಣ್ಣುವವನು ಯಾರು, ಅವರಿಬ್ಬರಿಗೂ ಇರುವ ಸಂಬಂಧವೇನು? ಈ ಪ್ರಶ್ನೆಯನ್ನು ಅತ್ಯಂತ ಕಠೋರವಾಗಿ ತಮಗೆ ತಾವೇ ಹಾಕಿಕೊಂಡವರು ಬೌದ್ಧರು. ಏಕೆಂದರೆ ಅವರು ಪುನರ್ಜನ್ಮವನ್ನು ಒಪ್ಪಿದರು. ಜನ್ಮದಿಂದ ಜನ್ಮಕ್ಕೆ ಸಾಗುವ ನಿತ್ಯನಾದ ಆತ್ಮನನ್ನು ಮಾತ್ರ ಒಪ್ಪಲಿಲ್ಲ. ಈ ಎರಡು ಮಾತುಗಳು ಒಂದೆಡೆ ಹೇಗೆ ನಿಲ್ಲುತ್ತವೆ ಎಂಬುದೇ ಪ್ರಕೃತ ಲೇಖನದ ವಿಷಯ.

ದೇವಸ್ಥಾನದ ಪತ್ರಿಕೆಯಲ್ಲಿ ಬೌದ್ಧಮತದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಪ್ರವಚನಗಳನ್ನು ಶ್ರದ್ಧೆಯಿಂದ ಕೇಳುವವರಿಗೆ ಇದರ ಉತ್ತರ ತಿಳಿದೇ ಇದೆ. ಪೂರ್ವಪಕ್ಷವನ್ನು ಸರಿಯಾಗಿ ನಿರೂಪಿಸದೆ ಸಿದ್ಧಾಂತವನ್ನು ಸ್ಥಾಪಿಸುವ ಪದ್ಧತಿ ನಮ್ಮ ಆಚಾರ್ಯರದಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಎರಡನೆಯ ಪಾದವು ಬೌದ್ಧಾದಿ ಮತಗಳ ಪರಾಮರ್ಶೆಗೇ ಮೀಸಲಾಗಿದೆ. ಎದುರಾಳಿಯ ಮಾತನ್ನು ಅವನ ಬಾಯಿಂದಲೇ ಕೇಳಿದ ಮೇಲೆ ಮಾಡುವ ವಿಮರ್ಶೆಗೆ ಬೆಲೆ ಹೆಚ್ಚು. ಕೇಳುವಾಗ ನಮಗೂ ಒಂದೆರಡು ಪಾಠ ದೊರೆತರೆ ಅದೂ ಲಾಭವೇ.

ಒಂದು ತಪ್ಪು ತಿಳಿವಳಿಕೆ

ಬುದ್ಧನು ಆತ್ಮವನ್ನು ನಿರಾಕರಿಸಿದ ಕಾರಣ ಪರಲೋಕವನ್ನೂ ಪುನರ್ಜನ್ಮವನ್ನೂ ನಿರಾಕರಿಸಿರಬೇಕು ಎಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ದೇಹದೊಂದಿಗೆ ಎಲ್ಲವೂ ಮುಗಿಯಿತು, ದಾನಕ್ಕೂ ಯಜ್ಞಕ್ಕೂ ಫಲವಿಲ್ಲ ಎಂದು ಹೇಳುತ್ತಿದ್ದವನು ಬುದ್ಧನ ಸಮಕಾಲೀನನಾದ ಅಜಿತ ಕೇಶಕಂಬಳಿ. ಅಂತಹ ಮತವನ್ನು ಬುದ್ಧನು ಉಚ್ಛೇದವಾದವೆಂದು ಹೆಸರಿಸಿ ತಿರಸ್ಕರಿಸಿದನು. ಪಾಲಿ ಗ್ರಂಥಗಳ ಪ್ರಕಾರ ಬೋಧಿವೃಕ್ಷದ ಕೆಳಗೆ ಜ್ಞಾನೋದಯವಾದ ರಾತ್ರಿಯ ಮೊದಲನೆಯ ಯಾಮದಲ್ಲಿ ಅವನಿಗೆ ತನ್ನ ಹಿಂದಿನ ಅಸಂಖ್ಯ ಜನ್ಮಗಳ ಸ್ಮರಣೆಯುಂಟಾಯಿತು. ಎರಡನೆಯ ಯಾಮದಲ್ಲಿ ಪ್ರಾಣಿಗಳು ತಂತಮ್ಮ ಕರ್ಮಕ್ಕೆ ತಕ್ಕಂತೆ ಸಾಯುವುದನ್ನೂ ಹುಟ್ಟುವುದನ್ನೂ ಕಂಡನು. ಮೂರನೆಯ ಯಾಮದಲ್ಲಿ ಈ ಚಕ್ರವನ್ನು ತಿರುಗಿಸುವ ಆಸ್ರವಗಳು ಕ್ಷಯವಾದವು. ಬುದ್ಧನ ಪೂರ್ವಜನ್ಮಗಳನ್ನು ಹೇಳುವ ಜಾತಕ ಕಥೆಗಳು ಪಾಲಿ ಸಂಗ್ರಹದಲ್ಲಿ 547 ಇವೆ. ಪುನರ್ಜನ್ಮವನ್ನು ತೆಗೆದುಹಾಕಿದರೆ ಆ ಮತದಲ್ಲಿ ಮೋಕ್ಷಕ್ಕೆ ಅರ್ಥವೇ ಉಳಿಯದು. ಬಿಡುಗಡೆ ಎಂಬುದು ಯಾವ ಬಂಧನದಿಂದ?

ಬೌದ್ಧಗ್ರಂಥಗಳು ಇದಕ್ಕೆ ವಿಶೇಷವಾಗಿ ಬಳಸುವ ಪದ ಪುನರ್ಭವ, ಅಂದರೆ ಮತ್ತೆ ಆಗುವುದು. ಗೀತೆಯಲ್ಲಿ ಬರುವ ಜೀರ್ಣವಸ್ತ್ರದ ದೃಷ್ಟಾಂತ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಹಳೆಯ ಬಟ್ಟೆಯನ್ನು ಕಳಚಿ ಹೊಸತನ್ನು ಉಡುವಂತೆ ದೇಹಿಯು ದೇಹವನ್ನು ಬದಲಿಸುತ್ತಾನೆ. ಅಲ್ಲಿ ಬಟ್ಟೆ ಬೇರೆ, ಉಡುವವನು ಬೇರೆ. ಬೌದ್ಧರು ಈ ದೃಷ್ಟಾಂತವನ್ನು ಬಿಟ್ಟು ದೀಪವನ್ನು ಹಿಡಿದರು. ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚಿದಾಗ ಮೊದಲನೆಯದರಿಂದ ಎರಡನೆಯದಕ್ಕೆ ಯಾವ ವಸ್ತುವೂ ದಾಟಿಹೋಗುವುದಿಲ್ಲ. ಆದರೂ ಮೊದಲನೆಯದಿಲ್ಲದೆ ಎರಡನೆಯದು ಉರಿಯುತ್ತಿರಲಿಲ್ಲ. ವಸ್ತ್ರಕ್ಕೂ ದೀಪಕ್ಕೂ ಇರುವ ಅಂತರವೇ ಎರಡು ದರ್ಶನಗಳ ಅಂತರವೆಂದರೆ ತಪ್ಪಾಗಲಾರದು.

ಸಾತಿಯೆಂಬ ಭಿಕ್ಷುವಿನ ಕಥೆ

ಈ ವಿಷಯದಲ್ಲಿ ಬುದ್ಧನ ಶಿಷ್ಯರೇ ಎಡವಿದ ಪ್ರಸಂಗವೊಂದು ಮಜ್ಝಿಮನಿಕಾಯದಲ್ಲಿದೆ. ಬೆಸ್ತರ ಮನೆಯಲ್ಲಿ ಹುಟ್ಟಿದ ಸಾತಿಯೆಂಬ ಭಿಕ್ಷುವು, ಈ ವಿಜ್ಞಾನವೇ, ಅಂದರೆ ಈ ಅರಿವೇ, ಬದಲಾಗದೆ ಜನ್ಮದಿಂದ ಜನ್ಮಕ್ಕೆ ಓಡುತ್ತದೆ. ಒಳ್ಳೆಯದರ ಕೆಟ್ಟದರ ಫಲವನ್ನು ಉಣ್ಣುವುದೂ ಇದೇ ಎಂದು ಎಲ್ಲರಿಗೂ ಹೇಳುತ್ತಿದ್ದನು. ಸಂಗಡಿಗರು ತಿದ್ದಿದರೂ ಕೇಳಲಿಲ್ಲ. ವಿಷಯ ಶ್ರಾವಸ್ತಿಯಲ್ಲಿದ್ದ ಬುದ್ಧನವರೆಗೆ ಹೋಯಿತು. ಬುದ್ಧನು ಅವನನ್ನು ಕರೆಸಿ ಕಟುವಾಗಿಯೇ ಗದರಿಸಿದನು. ಕಾರಣಗಳಿಲ್ಲದೆ ಅರಿವು ಹುಟ್ಟುವುದೇ ಇಲ್ಲವೆಂದು ತಾನು ಎಷ್ಟು ಬಾರಿ ಹೇಳಿಲ್ಲ ಎಂದು ಕೇಳಿದನು. ಕಟ್ಟಿಗೆಯಿಂದ ಉರಿಯುವುದು ಕಟ್ಟಿಗೆಯ ಬೆಂಕಿ, ಹುಲ್ಲಿನಿಂದ ಉರಿಯುವುದು ಹುಲ್ಲಿನ ಬೆಂಕಿ. ಹಾಗೆಯೇ ಕಣ್ಣನ್ನೂ ರೂಪವನ್ನೂ ಅವಲಂಬಿಸಿ ಹುಟ್ಟುವುದು ಕಣ್ಣಿನ ಅರಿವು, ಕಿವಿಯನ್ನೂ ಶಬ್ದವನ್ನೂ ಅವಲಂಬಿಸಿ ಹುಟ್ಟುವುದು ಕಿವಿಯ ಅರಿವು ಎಂದು ವಿವರಿಸಿದನು.

ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳ ಕೂಟಕ್ಕೇ ನಾವು ‘ನಾನು’ ಎಂಬ ಹೆಸರಿಟ್ಟುಕೊಂಡಿದ್ದೇವೆ, ಅವುಗಳ ಒಳಗಾಗಲಿ ಹೊರಗಾಗಲಿ ಒಡೆಯನೊಬ್ಬನು ಸಿಗುವುದಿಲ್ಲ ಎಂಬುದು ಬೌದ್ಧರ ಪಕ್ಷ. ಹಾಗಾದರೆ ಮತ್ತೆ ಹುಟ್ಟುವವನು ಯಾರು?

ಮಿಲಿಂದನ ಪ್ರಶ್ನೆ

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ನಮ್ಮ ದೇಶದ ವಾಯವ್ಯ ಭಾಗವನ್ನು ಆಳಿದ ಯವನ ಅರಸರಲ್ಲಿ ಮಿನಾಂಡರ್ ಪ್ರಸಿದ್ಧನು. ಅವನನ್ನು ಪಾಲಿಯಲ್ಲಿ ಮಿಲಿಂದನೆಂದು ಕರೆದಿದ್ದಾರೆ. ಈಗಿನ ಪಾಕಿಸ್ತಾನದ ಸಿಯಾಲ್‌ಕೋಟ್ ಎಂದು ಗುರುತಿಸಲಾಗಿರುವ ಸಾಗಲನಗರದಲ್ಲಿ ಅವನಿಗೂ ನಾಗಸೇನನೆಂಬ ಭಿಕ್ಷುವಿಗೂ ನಡೆದ ಸಂವಾದವೇ ‘ಮಿಲಿಂದಪಞ್ಹ’ ಎಂಬ ಗ್ರಂಥ. ವಾದದಲ್ಲಿ ಯಾರಿಗೂ ಮಣಿಯದ ಅರಸನು ರಥವೇರಿ ಬಂದಿದ್ದನು. ನಾಗಸೇನನು ಅದೇ ರಥವನ್ನು ತೋರಿಸಿ, ಗಾಲಿಯೇ ರಥವೇ, ಅಚ್ಚೇ ರಥವೇ, ನೊಗವೇ ರಥವೇ ಎಂದು ಒಂದೊಂದಾಗಿ ಕೇಳಿದನು. ಯಾವುದೂ ಅಲ್ಲ, ಎಲ್ಲವೂ ಸೇರಿದಾಗ ರಥವೆಂಬ ಹೆಸರು. ‘ನಾಗಸೇನ’ ಎಂಬುದೂ ಅಂತಹುದೇ ಹೆಸರು ಎಂದನು.

ಅರಸನು ಬಿಡಲಿಲ್ಲ. ಹುಟ್ಟುವವನು ಸತ್ತವನೇ ಅಥವಾ ಬೇರೊಬ್ಬನೇ ಎಂದು ಕೇಳಿದನು. ಅವನೂ ಅಲ್ಲ, ಬೇರೆಯವನೂ ಅಲ್ಲ ಎಂದು ಉತ್ತರ ಬಂದಿತು. ಇದು ಮಾತಿನ ಚಮತ್ಕಾರವಲ್ಲವೆಂದು ತೋರಿಸಲು ನಾಗಸೇನನು ಅರಸನ ಜೀವನವನ್ನೇ ತೆಗೆದುಕೊಂಡನು. ಅಂಗಾತ ಮಲಗಿದ್ದ ಎಳೆಗೂಸು ಇಂದಿನ ಅರಸನೇ? ಅಲ್ಲವೆಂದರೆ ಅರಸನಿಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ, ಗುರುವೂ ಇಲ್ಲ ಎಂದಾಗುತ್ತದೆ. ರಾತ್ರಿಯೆಲ್ಲ ಉರಿದ ದೀಪದ ಮೊದಲ ಜಾವದ ಜ್ವಾಲೆಯೇ ಕೊನೆಯ ಜಾವದ ಜ್ವಾಲೆಯೇ? ಅಲ್ಲ. ಹಾಗೆಂದು ಮೂರು ದೀಪಗಳಿದ್ದವೆಂದು ಹೇಳಲಾದೀತೇ? ಅದೂ ಆಗದು. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗುತ್ತದೆ. ಹಾಲೇ ತುಪ್ಪವೆನ್ನುವವನೂ ತಪ್ಪಿದನು, ಹಾಲಿಲ್ಲದೆ ತುಪ್ಪ ಬಂದಿತೆನ್ನುವವನೂ ತಪ್ಪಿದನು.

ಇಲ್ಲಿಂದ ಮುಂದೆ ಸಂವಾದವು ತತ್ತ್ವದಿಂದ ನೀತಿಗೆ ಇಳಿಯುತ್ತದೆ. ಹುಟ್ಟುವ ನಾಮರೂಪ ಬೇರೆಯಾದರೆ ಪಾಪ ಮಾಡಿದವನು ತಪ್ಪಿಸಿಕೊಂಡನಲ್ಲವೇ ಎಂಬುದು ಅರಸನ ಆಕ್ಷೇಪ. ಒಬ್ಬನು ಮತ್ತೊಬ್ಬನ ಮಾವಿನ ಹಣ್ಣನ್ನು ಕದ್ದನೆಂದು ತಿಳಿಯೋಣ. ಯಜಮಾನನು ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ ಎಂದು ಕಳ್ಳನು ವಾದಿಸಿದರೆ ನ್ಯಾಯಾಧಿಕಾರಿಯು ಅವನನ್ನು ಬಿಡುತ್ತಾನೆಯೇ? ಮತ್ತೊಬ್ಬನು ಊಟಕ್ಕೆಂದು ಮಾಳಿಗೆಯಲ್ಲಿ ದೀಪವಿರಿಸಿದನು. ಅದು ಹುಲ್ಲಿನ ಸೂರಿಗೆ ತಗುಲಿ ಊರೇ ಸುಟ್ಟಿತು. ತಾನು ಉಂಡ ಬೆಳಕಿನ ದೀಪವೇ ಬೇರೆ, ಊರನ್ನು ಸುಟ್ಟ ಬೆಂಕಿಯೇ ಬೇರೆ ಎಂದರೆ ಊರವರು ಒಪ್ಪುತ್ತಾರೆಯೇ? ಒಬ್ಬನು ಗೊಲ್ಲನಿಂದ ಒಂದು ಗಡಿಗೆ ಹಾಲನ್ನು ಕೊಂಡು ಅವನಲ್ಲಿಯೇ ಇಟ್ಟುಹೋದನು; ಮರುದಿನ ಬಂದಾಗ ಅದು ಮೊಸರಾಗಿತ್ತು. ತಾನು ಕೊಂಡದ್ದು ಹಾಲು, ಮೊಸರಲ್ಲ ಎಂದು ಜಗಳ ತೆಗೆದರೆ ನ್ಯಾಯ ಯಾರ ಕಡೆಗೆ? ಅರಸನೇ ಪ್ರತಿಯೊಂದು ಸಲವೂ ತೀರ್ಪು ಕೊಡುತ್ತಾನೆ: ಇದು ಅದರಿಂದಲೇ ಬಂದುದಾದ ಕಾರಣ ಹೊಣೆ ತಪ್ಪದು. ನಾಗಸೇನನು ಹೇಳಿಸಬೇಕೆಂದಿದ್ದುದೂ ಇದನ್ನೇ. ಹೊಣೆಗಾರಿಕೆಗೆ ಬೇಕಾದದ್ದು ಒಂದರಿಂದ ಒಂದು ಬಂದ ಎಡೆಬಿಡದ ಸಂತಾನ. ಬದಲಾಗದ ಒಬ್ಬ ಒಡೆಯನೇ ಇರಬೇಕೆಂದಿಲ್ಲ ಎಂಬುದು ಅವನ ಅಭಿಪ್ರಾಯ.

ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದ ಮಹಾವಿಹಾರದಲ್ಲಿದ್ದ ಬುದ್ಧಘೋಷನು ತನ್ನ ‘ವಿಸುದ್ಧಿಮಗ್ಗ’ದಲ್ಲಿ ಈ ವಿಚಾರವನ್ನು ಇನ್ನಷ್ಟು ಸೂಕ್ಷ್ಮವಾಗಿ ನಿರೂಪಿಸಿದನು. ಮರಣಕಾಲದ ಕೊನೆಯ ಚಿತ್ತವು ಅಡಗಿದೊಡನೆ, ಅದರಿಂದ ಪ್ರೇರಿತವಾಗಿ ಹೊಸ ಗರ್ಭದಲ್ಲಿ ಮೊದಲ ಚಿತ್ತವು ಮೂಡುತ್ತದೆ. ಇದಕ್ಕೆ ಪ್ರತಿಸಂಧಿಯೆಂದು ಹೆಸರು. ಹಳೆಯ ಚಿತ್ತವು ಇತ್ತ ಬರುವುದಿಲ್ಲ. ಅದಿಲ್ಲದೆ ಹೊಸದು ಮೂಡುವುದೂ ಇಲ್ಲ. ಕೂಗಿಗೆ ಬರುವ ಪ್ರತಿಧ್ವನಿಯಂತೆ, ಮುದ್ರೆಯಿಂದ ಮೂಡುವ ಅಚ್ಚಿನಂತೆ, ಕನ್ನಡಿಯಲ್ಲಿ ಬೀಳುವ ಬಿಂಬದಂತೆ ಎಂದು ಅವನು ಹೋಲಿಸುತ್ತಾನೆ. ಈ ಉರಿಗೆ ಎಣ್ಣೆ ಯಾವುದು? ತೃಷ್ಣೆ. ಗಾಳಿಯ ಬಲದಿಂದ ಜ್ವಾಲೆಯು ದೂರದ ಗುಡಿಸಲಿಗೆ ಹಾರುವಂತೆ, ಇನ್ನೂ ಬೇಕೆಂಬ ಹಂಬಲವೇ ಪ್ರಾಣಿಯನ್ನು ಮುಂದಿನ ಭವಕ್ಕೆ ಒಯ್ಯುತ್ತದೆ ಎಂದು ವತ್ಸಗೋತ್ರನೆಂಬ ಪರಿವ್ರಾಜಕನಿಗೆ ಬುದ್ಧನೇ ಹೇಳಿದ ಪ್ರಸಂಗವೊಂದಿದೆ. ಎಣ್ಣೆ ಮುಗಿದರೆ ದೀಪ ಆರುತ್ತದೆ. ಆ ಆರುವಿಕೆಯೇ ಅವರ ನಿರ್ವಾಣ.

ಬೌದ್ಧರೊಳಗಿನ ಭಿನ್ನಮತ

ಈ ಉತ್ತರದಿಂದ ಎಲ್ಲ ಬೌದ್ಧರಿಗೂ ಸಮಾಧಾನವಾಯಿತೆಂದು ತಿಳಿಯಬಾರದು. ವಾತ್ಸೀಪುತ್ರೀಯರೆಂಬ ಪಂಗಡದವರು, ಸ್ಕಂಧಗಳಿಗಿಂತ ಬೇರೆಯೆಂದಾಗಲಿ ಅವೇ ಎಂದಾಗಲಿ ಹೇಳಲಾಗದ ‘ಪುದ್ಗಲ’ನೊಬ್ಬನಿದ್ದಾನೆ, ಬೆಂಕಿಗೂ ಕಟ್ಟಿಗೆಗೂ ಇರುವಂತಹ ಸಂಬಂಧ ಅವನಿಗೂ ಸ್ಕಂಧಗಳಿಗೂ ಇದೆ ಎಂದರು. ಭಾರವನ್ನೂ ಭಾರ ಹೊರುವವನನ್ನೂ ಬುದ್ಧನು ಬೇರೆ ಬೇರೆಯಾಗಿ ಹೇಳಿದ್ದಾನೆಂಬುದು ಅವರ ಆಧಾರ. ಹೊರುವವನೇ ಇಲ್ಲದಿದ್ದರೆ ಇಳಿಸುವವನು ಯಾರು? ಥೇರವಾದಿಗಳ ‘ಕಥಾವತ್ಥು’ವಿನ ಮೊತ್ತಮೊದಲ ವಾದವೇ ಈ ಪುದ್ಗಲನ ಖಂಡನೆ. ವಸುಬಂಧುವೂ ತನ್ನ ‘ಅಭಿಧರ್ಮಕೋಶ’ದ ಕೊನೆಯಲ್ಲಿ ಇದನ್ನೇ ಖಂಡಿಸಿದ್ದಾನೆ. ಇಷ್ಟು ಖಂಡನೆಗಳು ಬೇಕಾದುವೆಂದರೆ, ಕರ್ತೃವೂ ಭೋಕ್ತೃವೂ ಆದ ಒಬ್ಬನು ಬೇಕೆಂಬ ಹಂಬಲ ಆ ಮತದ ಒಳಗೂ ಎಷ್ಟು ಆಳವಾಗಿತ್ತೆಂಬುದನ್ನು ಊಹಿಸಬಹುದು.

ನಮ್ಮವರ ಆಕ್ಷೇಪವೂ ಇಲ್ಲಿಯೇ ಇದೆ. ಕ್ಷಣಕ್ಷಣಕ್ಕೂ ಬೇರೆಬೇರೆಯಾದರೆ, ಮಾಡಿದವನಿಗೆ ಫಲ ತಪ್ಪಿದ ಕೃತಹಾನಿಯೂ, ಮಾಡದವನಿಗೆ ಫಲ ಬಂದ ಅಕೃತಾಭ್ಯಾಗಮವೂ ಒದಗುತ್ತವೆ. ನಿನ್ನೆ ನಾನು ಕಂಡ ಗೋಪುರವನ್ನೇ ಇಂದು ಕಾಣುತ್ತಿದ್ದೇನೆ ಎಂಬ ಗುರುತಿಸುವಿಕೆ, ಕಂಡವನೂ ನೆನೆಯುವವನೂ ಒಬ್ಬನೇ ಆಗದಿದ್ದರೆ ಸಾಧ್ಯವಿಲ್ಲ. ಸೂತ್ರಕಾರರು ಕ್ಷಣಿಕವಾದಕ್ಕೆ ಸ್ಮೃತಿಯನ್ನೇ ಎದುರಾಗಿ ನಿಲ್ಲಿಸಿದ್ದಾರೆ. ಇದಕ್ಕೆ ವಸುಬಂಧುವಿನ ಸಮಾಧಾನ ಸ್ವಾರಸ್ಯವಾಗಿದೆ. ಮಾದಳದ ಹೂವಿಗೆ ಅರಗಿನ ಬಣ್ಣ ಹಚ್ಚಿದರೆ ಹೂ ಉದುರಿಹೋದರೂ ಕಾಯಿಯ ತಿರುಳಿನಲ್ಲಿ ಕೆಂಪು ಕಾಣಿಸುತ್ತದೆಯಂತೆ. ಕರ್ಮವೂ ಹಾಗೆ, ಮಾಡಿದ ಕ್ಷಣ ಅಳಿದರೂ ಬಣ್ಣವು ಸಂತಾನದಲ್ಲಿ ಹರಿದು ಬೇರೊಂದು ಕಾಲದಲ್ಲಿ ತೋರುತ್ತದೆ. ಆಗ ನಮ್ಮವರು ಮತ್ತೆ ಕೇಳುತ್ತಾರೆ: ಆ ಸಂತಾನವೆಂಬುದು ಕ್ಷಣಗಳಿಗಿಂತ ಬೇರೆಯಾದ ಒಂದು ವಸ್ತುವೋ ಅಲ್ಲವೋ? ಬೇರೆಯಾದರೆ ಆತ್ಮಕ್ಕೇ ಇನ್ನೊಂದು ಹೆಸರಿಟ್ಟಂತಾಯಿತು. ಬೇರೆಯಲ್ಲವಾದರೆ ದೋಷವು ಇದ್ದಲ್ಲಿಯೇ ಉಳಿಯಿತು. ಜೀವನು ನಿತ್ಯನು, ಒಬ್ಬೊಬ್ಬನೂ ಬೇರೆಬೇರೆ ಎಂಬ ಸಿದ್ಧಾಂತವನ್ನು ಹಿಡಿದ ನಮಗೆ ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಅವರಿಂದ ಬಂದಿದೆಯೆಂದು ತೋರುವುದಿಲ್ಲ. ಆದರೂ ಅವರು ಈ ಕಷ್ಟವನ್ನು ತಿಳಿದೇ ಎದುರಿಸಿದರೆಂಬುದನ್ನು ಮರೆಯಬಾರದು.

ಕರ್ಮದ ಮಾತು ಯಾರಿಗೆ?

ಈಗ ಆ ತಾಯಿಯ ಪ್ರಶ್ನೆಗೆ ಹಿಂದಿರುಗೋಣ. ಅದು ತರ್ಕದ ಪ್ರಶ್ನೆಯಂತೆ ಕಂಡರೂ ಅದರ ಒಳಗೆ ಇನ್ನೊಂದು ಪ್ರಶ್ನೆ ಅಡಗಿತ್ತು. ನನ್ನ ಮಗುವನ್ನು ಅಪರಾಧಿಯೆಂದು ಕರೆಯುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂಬುದೇ ಅದು. ಈ ಎರಡನೆಯ ಪ್ರಶ್ನೆಗೆ ಬೌದ್ಧಗ್ರಂಥಗಳಲ್ಲಿ ಗಮನಿಸತಕ್ಕ ಮಾತೊಂದಿದೆ.

ರಾಜಗೃಹದ ವೇಣುವನದಲ್ಲಿ ಸೀವಕನೆಂಬ ಪರಿವ್ರಾಜಕನು ಬುದ್ಧನನ್ನು ಕಂಡು, ಮನುಷ್ಯನು ಅನುಭವಿಸುವ ಸುಖದುಃಖಗಳೆಲ್ಲವೂ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರೆ, ನಿಮ್ಮ ಅಭಿಪ್ರಾಯವೇನೆಂದು ಕೇಳಿದನು. ಬುದ್ಧನು ಅದನ್ನು ಒಪ್ಪಲಿಲ್ಲ. ಪಿತ್ತದಿಂದ ಬರುವ ನೋವುಂಟು, ಕಫದಿಂದ, ವಾತದಿಂದ, ಮೂರೂ ಕೂಡಿದುದರಿಂದ ಬರುವುದುಂಟು. ಋತುವಿನ ಬದಲಾವಣೆಯಿಂದ, ಅಕ್ರಮವಾದ ನಡವಳಿಕೆಯಿಂದ, ಇತರರ ಪ್ರಹಾರದಿಂದ ಬರುವುದುಂಟು. ಎಂಟನೆಯದಾಗಿ ಕರ್ಮವಿಪಾಕದಿಂದ ಬರುವುದೂ ಉಂಟು ಎಂದು ಎಣಿಸಿ ಹೇಳಿದನು. ಎಲ್ಲವೂ ಪೂರ್ವಕರ್ಮವೆನ್ನುವವರು ತಾವು ಬಲ್ಲುದನ್ನೂ ಲೋಕವು ಸತ್ಯವೆಂದು ಒಪ್ಪಿದುದನ್ನೂ ಮೀರಿ ಮಾತನಾಡುತ್ತಾರೆ ಎಂಬುದು ಅವನ ತೀರ್ಮಾನ. ಕರ್ಮವಿಪಾಕವು ಚಿಂತಿಸಿ ಕೊನೆಗಾಣಿಸಲಾಗದ ನಾಲ್ಕು ವಿಷಯಗಳಲ್ಲಿ ಒಂದೆಂದೂ, ಅದನ್ನು ಲೆಕ್ಕ ಹಾಕಹೊರಟವನಿಗೆ ಚಿತ್ತಭ್ರಮೆಯೇ ಗತಿಯೆಂದೂ ಇನ್ನೊಂದೆಡೆ ಹೇಳಿದೆ. ಕರ್ಮದ ಗತಿಯು ಗಹನವೆಂದು ಗೀತಾಚಾರ್ಯನೂ ಹೇಳಿದ್ದಾನಷ್ಟೆ. ಗಹನವಾದುದನ್ನು ಪರರ ಮನೆಯ ಅಂಗಳದಲ್ಲಿ ನಿಂತು ಇದಮಿತ್ಥಮೆಂದು ನುಡಿಯುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ?

ಹಾಗಾದರೆ ಕರ್ಮಸಿದ್ಧಾಂತದ ಉಪಯೋಗವೇನು? ಅದು ಮುಂದಕ್ಕೆ ನೋಡುವ ಕಣ್ಣು. ಮತ್ತು ತನ್ನನ್ನು ನೋಡಿಕೊಳ್ಳುವ ಕಣ್ಣು. ಮುಂದೆ ಹುಟ್ಟುವವನು ಪೂರ್ಣವಾಗಿ ನಾನೇ ಅಲ್ಲವೆಂದ ಮೇಲೆ ಅವನ ಚಿಂತೆ ನನಗೇಕೆ ಎಂದು ಬೌದ್ಧನನ್ನು ಕೇಳಬಹುದು. ನಾಲ್ವತ್ತು ವರ್ಷದ ಮನುಷ್ಯನು ಎಂಬತ್ತರ ಮುದುಕನಿಗಾಗಿ ಹಣ ಕೂಡಿಡುತ್ತಾನೆ. ಆ ಮುದುಕನನ್ನು ಅವನು ಕಂಡಿಲ್ಲ. ಅವನ ರುಚಿ ಯಾವುದೋ, ಅವನ ಮಾತು ಎಂತಹುದೋ, ಇಂದಿನವನ ಹೆಸರಾದರೂ ಅವನಿಗೆ ನೆನಪಿರುತ್ತದೆಯೋ ಇಲ್ಲವೋ ತಿಳಿಯದು. ಆದರೂ ತಾನು ಇಂದು ಕುಡಿದರೆ ನಡುಗುವುದು ಅವನ ಕೈ, ತಾನು ಇಂದು ಸಾಲ ಮಾಡಿದರೆ ಹಸಿಯುವುದು ಅವನ ಹೊಟ್ಟೆ ಎಂದು ಬಲ್ಲನು. ಮುಂದಿನ ಜನ್ಮದವನ ವಿಷಯವೂ ಇಷ್ಟೇ ಎಂದು ಬೌದ್ಧನು ಉತ್ತರಿಸುತ್ತಾನೆ. ನಿತ್ಯಜೀವನನ್ನು ಒಪ್ಪುವ ನಾವು ಅವನನ್ನು ‘ನಾನೇ’ ಎಂದು ತಿಳಿದು ಎಚ್ಚರದಿಂದಿರುತ್ತೇವೆ. ಅವರು ‘ನನ್ನಿಂದಲೇ ಬರುವವನು’ ಎಂದು ತಿಳಿದು ಎಚ್ಚರದಿಂದಿರುತ್ತಾರೆ. ತತ್ತ್ವದಲ್ಲಿ ದೂರವಿದ್ದರೂ ಇಂದು ಸುಳ್ಳಾಡಬಾರದೆಂಬಲ್ಲಿ ಇಬ್ಬರೂ ಕೂಡುತ್ತಾರೆ.

ಮರಳಿ ಬರುವ ಸಂಕಲ್ಪ

ಮಹಾಯಾನದಲ್ಲಿ ಈ ವಿಚಾರ ಇನ್ನೊಂದು ತಿರುವನ್ನು ಪಡೆಯಿತು. ತೃಷ್ಣೆಯು ಎಳೆದುತರುವ ಹುಟ್ಟಿನ ಜೊತೆಗೆ, ಪರರ ದುಃಖ ನೀಗಲೆಂದು ಸಂಕಲ್ಪದಿಂದ ಬರುವ ಹುಟ್ಟೂ ಉಂಟೆಂದು, ಅಂತಹವನು ಬೋಧಿಸತ್ತ್ವನೆಂದು ಅವರು ನಂಬಿದರು. ಥೇರವಾದಿಗಳ ಮತದಲ್ಲಿ ಮರಣಕ್ಕೂ ಜನ್ಮಕ್ಕೂ ನಡುವೆ ಬಿಡುವಿಲ್ಲ. ಟಿಬೆಟ್ಟಿನವರು 49 ದಿನಗಳವರೆಗಿನ ಅಂತರಾಭವವನ್ನು ಒಪ್ಪಿ, ಆ ಕಾಲದಲ್ಲಿ ಸತ್ತವನ ಹಿತಕ್ಕಾಗಿ ಪಾಠ ಪ್ರಾರ್ಥನೆಗಳನ್ನು ನಡೆಸುತ್ತಾರೆ. ಗತಿಸಿದ ಗುರುವನ್ನು ಮಗುವಿನ ರೂಪದಲ್ಲಿ ಹುಡುಕಿ ಗುರುತಿಸುವ ಪದ್ಧತಿಯು ಅಲ್ಲಿ 13ನೆಯ ಶತಮಾನದಲ್ಲಿ ಕರ್ಮಪಾ ಗುರುಪರಂಪರೆಯಿಂದ ಬೆಳೆದುಬಂದಿತು. ಹದಿಮೂರನೆಯ ದಲೈಲಾಮಾ 1933ರಲ್ಲಿ ತೀರಿಕೊಂಡ ಮೇಲೆ, 1935ರಲ್ಲಿ ತಕ್ತ್‌ಸೇರ್ ಎಂಬ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದ ಬಾಲಕನು 1937ರಲ್ಲಿ ಹಿಂದಿನವರ ವಸ್ತುಗಳನ್ನು ಗುರುತಿಸಿದನೆಂದು ಅವನನ್ನು ಹದಿನಾಲ್ಕನೆಯವರೆಂದು ಸ್ವೀಕರಿಸಿದರು. ಅವರು 1959ರಲ್ಲಿ ಭಾರತಕ್ಕೆ ಬಂದರು. ಅವರನ್ನು ಅನುಸರಿಸಿ ಬಂದವರಿಗೆ ನಮ್ಮ ನಾಡಿನ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆ ದೊರೆಯಿತು. ಟಿಬೆಟ್ಟಿನ ಸೆರಾ ಮಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದವು. ಮೈಸೂರಿನಿಂದ ಮಡಿಕೇರಿಗೆ ಹೋಗುವ ನಮ್ಮವರು ಆ ಭಿಕ್ಷುಗಳನ್ನು ಕಂಡೇ ಇರುತ್ತಾರೆ.

ಪುನರ್ಜನ್ಮದ ನಂಬಿಕೆ ರಾಜಕೀಯದ ಕಣಕ್ಕೂ ಇಳಿಯಿತೆಂಬುದು ಈ ಕಾಲದ ವಿಪರ್ಯಾಸ. ಪುನರವತಾರಗಳಿಗೆ ತನ್ನ ಒಪ್ಪಿಗೆ ಬೇಕೆಂದು ಚೀನಾ ಸರಕಾರವು 2007ರಲ್ಲಿ ನಿಯಮ ಮಾಡಿತು. ತಮ್ಮ ಪರಂಪರೆ ಮುಂದುವರಿಯುವುದೆಂದೂ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಸಂಸ್ಥೆಯದೇ ಎಂದೂ ದಲೈಲಾಮಾ 2025ರ ಜುಲೈ 2ರಂದು ಸಾರಿದರು. ಇಲ್ಲಿಯೂ ಕಾಣುವುದು ಹಳೆಯ ಪ್ರಶ್ನೆಯೇ: ಅವನೇ ಇವನೆಂದು ಹೇಳತಕ್ಕವರು ಯಾರು?

ಉಬ್ಬಿರಿಯ ಶೋಕ

ಕೊನೆಯದಾಗಿ ಥೇರೀಗಾಥೆಯಲ್ಲಿರುವ ಒಂದು ಪ್ರಸಂಗ. ಶ್ರಾವಸ್ತಿಯಲ್ಲಿ ಉಬ್ಬಿರಿ ಎಂಬವಳಿಗೆ ಜೀವಾ ಎಂಬ ಮಗಳಿದ್ದಳು. ಮಗಳು ಸತ್ತಳು. ತಾಯಿ ಪ್ರತಿದಿನವೂ ಸ್ಮಶಾನಕ್ಕೆ ಹೋಗಿ ಮಗಳ ಹೆಸರು ಹಿಡಿದು ಅಳುವಳು. ಬುದ್ಧನು ಅವಳನ್ನು ಕಂಡು, ಇದೇ ಸ್ಮಶಾನದಲ್ಲಿ ಜೀವಾ ಎಂಬ ಹೆಸರಿನ ಎಂಬತ್ತನಾಲ್ಕು ಸಾವಿರ ಹೆಣ್ಣುಮಕ್ಕಳು ಬೆಂದಿದ್ದಾರೆ. ನೀನು ಅಳುವುದು ಯಾವ ಜೀವೆಗಾಗಿ ಎಂದು ಕೇಳಿದನು. ಅವಳ ಎದೆಯಲ್ಲಿ ನಾಟಿದ್ದ ಬಾಣವು ಆಗ ಹೊರಬಂದಿತಂತೆ.

ಮೊದಲ ಸಲ ಇದನ್ನು ಓದಿದಾಗ ಇದು ಕ್ರೂರವಾದ ಮಾತೆಂದು ನನಗೆ ತೋರಿತು. ಅನೇಕ ಸಲ ಓದಿದ ಮೇಲೆ ಎರಡು ಸಂಗತಿಗಳು ಕಂಡವು. ಬುದ್ಧನು ಮಗಳ ಪಾಪವನ್ನು ಎತ್ತಲೇ ಇಲ್ಲ. ತಾಯಿಯ ದುಃಖ ಅಲ್ಪವೆಂದೂ ಹೇಳಲಿಲ್ಲ. ಅದು ಅವಳೊಬ್ಬಳದಲ್ಲ, ಆದಿ ತಿಳಿಯದ ಈ ಸಂಸಾರದಲ್ಲಿ ಅತ್ತ ತಾಯಂದಿರೆಲ್ಲರದೂ ಹೌದು ಎಂದು ಅದನ್ನು ಹಿಗ್ಗಿಸಿದನು. ಪ್ರಾಣಿಗಳು ಸಂಸಾರದಲ್ಲಿ ಸುರಿಸಿದ ಕಣ್ಣೀರು ನಾಲ್ಕು ಸಮುದ್ರಗಳ ನೀರಿಗಿಂತ ಹೆಚ್ಚೆಂದೂ, ಎಂದಾದರೊಮ್ಮೆ ನಮಗೆ ತಾಯಿಯಾಗಿರದ ಜೀವಿಯು ಸಿಗುವುದು ಕಷ್ಟವೆಂದೂ ಸಂಯುತ್ತನಿಕಾಯದಲ್ಲಿ ಹೇಳಿದೆ. ಪುನರ್ಜನ್ಮದ ನಂಬಿಕೆಯನ್ನು ಹೀಗೆಯೂ ಹಿಡಿಯಬಹುದು. ಎದುರಿಗಿರುವವನ ಕಷ್ಟಕ್ಕೆ ಕಾರಣ ಹೇಳಿ ಕೈತೊಳೆದುಕೊಳ್ಳಲು ಅದನ್ನು ಬಳಸಬಹುದು; ಅವನು ಒಮ್ಮೆ ನನ್ನನ್ನು ಹೆತ್ತವನಾಗಿದ್ದಿರಬಹುದೆಂದು ಅವನ ಪಕ್ಕದಲ್ಲಿ ಕುಳಿತುಕೊಳ್ಳಲೂ ಬಳಸಬಹುದು. ಜೀವನು ನಿತ್ಯನೆನ್ನುವ ನಮಗೂ ಈ ಆಯ್ಕೆ ತಪ್ಪಿದ್ದಲ್ಲ.

ಆ ಹಿರಿಯರು ಮತ್ತೆ ಹಲವು ವರ್ಷ ಬದುಕಿದ್ದರು. ಅದಾದ ಮೇಲೆ ಸಾವಿನ ಮನೆಗಳಲ್ಲಿ ಅವರ ಜೊತೆ ನಾನು ಎಷ್ಟೋ ಸಲ ಕುಳಿತಿದ್ದೇನೆ. ಕರ್ಮದ ಮಾತನ್ನು ಅವರು ಆಡಿದ್ದನ್ನು ಮತ್ತೆ ಕೇಳಲಿಲ್ಲ. ಒಳಗೆ ಹೋಗಿ, ಮನೆಯವರು ಏನಾದರೂ ಬಾಯಿಗೆ ಹಾಕಿಕೊಂಡರೇ ಎಂದು ವಿಚಾರಿಸಿ, ಇಲ್ಲವೆಂದರೆ ತಮ್ಮ ಮನೆಯಿಂದ ಗಂಜಿ ತರಿಸಿ, ಜಗಲಿಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಒಮ್ಮೆ ಹಿಂದಿರುಗುವ ದಾರಿಯಲ್ಲಿ ಅವರು ತಾವಾಗಿಯೇ, “ಆ ಹುಡುಗಿ ಅಂದು ಕೇಳಿದ್ದಕ್ಕೆ ಶಾಸ್ತ್ರದಲ್ಲಿ ಉತ್ತರ ಇದೆಯಪ್ಪ. ಆದರೆ ಅದನ್ನು ಹೇಳುವ ಜಾಗ ಅದಾಗಿರಲಿಲ್ಲ” ಎಂದರು.

ಶ್ರೀಕೃಷ್ಣಾರ್ಪಣಮಸ್ತು